ರೈಲು ಮ್ಯೂಸಿಯಂನಲ್ಲಿ ಮೊದಲು ಒಂದೇ ಇಂಜಿನ್ ಹತ್ತಿರ ನಿಲ್ಲಿ

ಪ್ರಶ್ನೆ: ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಸಣ್ಣ ರೈಲು ಇತಿಹಾಸದ ಮ್ಯೂಸಿಯಂ ಇದೆ. ಹಿಂದೊಮ್ಮೆ ಹೋದಾಗ ಮಕ್ಕಳು ಅರ್ಧ ಗಂಟೆಯಲ್ಲೇ "ಎಲ್ಲ ನೋಡಿ ಆಯ್ತು" ಅಂತ ಹೊರಟುಬಿಟ್ಟರು. ನನಗೂ ಫಲಕ ಓದಿ ಜಾಸ್ತಿ ಏನೂ ಅರ್ಥವಾಗಲಿಲ್ಲ. ಈಗ 4 ಮತ್ತು 9 ವರ್ಷದ ಮಕ್ಕಳ ಜೊತೆ 74 ವರ್ಷದ ನಮ್ಮ ಮಾವನವರನ್ನೂ ಕರೆದುಕೊಂಡು ಮತ್ತೆ ಹೋಗಬೇಕು ಅಂತಿದ್ದೇನೆ. ಅವರಿಗೆ ಮಂಡಿ ನೋವು. ಎಲ್ಲರಿಗೂ ಖುಷಿಯಾಗುವ ಹಾಗೆ ಹೇಗೆ ನೋಡುವುದು?

ಉತ್ತರ: ಅರ್ಧ ಗಂಟೆಯಲ್ಲಿ ಮುಗಿದುಹೋಯಿತು ಅಂದಿರಲ್ಲ, ಅದರಲ್ಲಿ ಮಕ್ಕಳ ತಪ್ಪು ಏನೂ ಇಲ್ಲ. ಓಡುವುದಕ್ಕೆಂದೇ ಮಾಡಿದ ವಸ್ತು ಮ್ಯೂಸಿಯಂನಲ್ಲಿ ತಣ್ಣಗೆ ನಿಂತಿರುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಸದ್ದು ಇಲ್ಲ. ಪಕ್ಕದ ಫಲಕದಲ್ಲಿ ನಂಬರು, ತೂಕ, ಕಟ್ಟಿದ ವರ್ಷ. ಇಷ್ಟರಲ್ಲಿ 4 ವರ್ಷದ ಮಗು ಏನನ್ನು ಹಿಡಿದುಕೊಳ್ಳಬೇಕು ಹೇಳಿ?

ಇಂಥದ್ದೇ ಒಂದು ಸಣ್ಣ ಮ್ಯೂಸಿಯಂನಲ್ಲಿ ನಾನು 20 ವರ್ಷದಿಂದ ಬಂದವರಿಗೆ ಇಂಜಿನ್ ತೋರಿಸುತ್ತಿದ್ದೇನೆ. ಎಲ್ಲವನ್ನೂ ನೋಡಲು ಹೊರಟ ಮನೆಯವರು ಬೇಗ ಸುಸ್ತಾಗುತ್ತಾರೆ. ಒಂದೇ ಇಂಜಿನ್ ಹತ್ತಿರ ಅರ್ಧ ಗಂಟೆ ನಿಂತವರು ಮಾತ್ರ ಮುಂದಿನದನ್ನೂ ತಾವೇ ಓದಿಕೊಳ್ಳುತ್ತಾರೆ. ಅದಕ್ಕೇ ನಿಮಗೆ ನಾನು ಹೇಳುವುದು ಇದೊಂದೇ: ಒಂದು ಉಗಿ ಇಂಜಿನ್ ಆರಿಸಿಕೊಳ್ಳಿ, ಅದನ್ನು ಮನಸ್ಸಿನಲ್ಲೇ ಓಡಿಸಿ. ಆಮೇಲೆ ಸಣ್ಣ ವಸ್ತುಗಳ ಕೋಣೆಗೆ ಹೋಗಿ. ಉಳಿದದ್ದನ್ನು ಬಿಟ್ಟರೂ ಪರವಾಗಿಲ್ಲ, ಮ್ಯೂಸಿಯಂ ಹತ್ತಿರದಲ್ಲೇ ಇದೆಯಲ್ಲ.

ಹೋಗುವ ಮೊದಲು ಒಂದು ಫೋನ್ ಮಾಡಿ. ಸಣ್ಣ ರೈಲು ಮ್ಯೂಸಿಯಂಗಳಲ್ಲಿ ಬಹಳಷ್ಟು ಸ್ವಯಂಸೇವಕರ ಬಲದಿಂದ ನಡೆಯುತ್ತವೆ. ಈ ಪರಂಪರೆ ಸುಮ್ನೆ ಹುಟ್ಟಿದ್ದಲ್ಲ. ವೇಲ್ಸ್‌ನ ಟ್ಯಾಲಿಲಿನ್ ಎಂಬ ಪುಟ್ಟ ರೈಲುದಾರಿ ಮುಚ್ಚುವ ಸ್ಥಿತಿಗೆ ಬಂದಾಗ, 1951ರಲ್ಲಿ ಸ್ವಯಂಸೇವಕರೇ ಅದನ್ನು ನಡೆಸಲು ಶುರು ಮಾಡಿದರು. ಸ್ವಯಂಸೇವಕರು ಉಳಿಸಿ ನಡೆಸಿದ ಪ್ರಪಂಚದ ಮೊದಲ ರೈಲುದಾರಿ ಅದು. ಇಂಥ ಜಾಗದಲ್ಲಿ ಯಾರು ಯಾವ ದಿನ ಬರುತ್ತಾರೆ ಅನ್ನುವುದರ ಮೇಲೆ ನೀವು ಏನು ನೋಡುತ್ತೀರಿ ಅನ್ನುವುದು ನಿಂತಿದೆ. ಇಂಜಿನ್ ಬಗ್ಗೆ ಗೊತ್ತಿರುವವರು ಯಾವ ದಿನ ಇರುತ್ತಾರೆ, ಡ್ರೈವರ್ ನಿಲ್ಲುವ ಜಾಗಕ್ಕೆ ಮಕ್ಕಳು ಹತ್ತಬಹುದಾ, ಹಿರಿಯರಿಗೆ ಕೂರಲು ಜಾಗ ಇದೆಯಾ ಎಂದು ಕೇಳಿಕೊಳ್ಳಿ. ಕೆಲವು ಕಡೆ ತಿಂಗಳಿಗೊಮ್ಮೆ ಇಂಜಿನ್‌ಗೆ ನಿಜವಾಗಿ ಬೆಂಕಿ ಹಾಕುತ್ತಾರೆ. ಅಂಥ ದಿನ ಸಿಕ್ಕರೆ ಅದೇ ದಿನ ಹೋಗಿ.

ಈಗ ಇಂಜಿನ್ ಹತ್ತಿರ ಬನ್ನಿ. ಮೊದಲು ಫಲಕ ಓದಬೇಡಿ. ಚಿಕ್ಕ ಮಗುವಿಗೆ ಚಕ್ರ ಎಣಿಸಲು ಹೇಳಿ. ಮುಂದೆ ಸಣ್ಣ ಚಕ್ರ ಎಷ್ಟು, ನಡುವೆ ದೊಡ್ಡವು ಎಷ್ಟು, ಹಿಂದೆ ಮತ್ತೆ ಸಣ್ಣವು ಎಷ್ಟು? ಎರಡೂ ಬದಿಯದ್ದು ಸೇರಿಸಿ. ಮುಂದೆ 4, ನಡುವೆ 6, ಹಿಂದೆ 2 ಇದ್ದರೆ ಅದು 4-6-2 ಇಂಜಿನ್. ಮಗು ಎಣಿಸಿದ ಲೆಕ್ಕವೇ ಪ್ರಪಂಚದ ಎಷ್ಟೋ ರೈಲ್ವೆಯವರು ಇಂಜಿನ್‌ಗೆ ಕೊಡುವ ಹೆಸರು! ಅಮೆರಿಕದ ಫ್ರೆಡರಿಕ್ ವೈಟ್ ಎಂಬುವವರು 1900ರ ಆಸುಪಾಸಿನಲ್ಲಿ ಈ ಪದ್ಧತಿ ತಂದರು. 4-6-2 ಅಂದರೆ "ಪೆಸಿಫಿಕ್", 2-8-2 ಅಂದರೆ "ಮಿಕಾಡೊ". ಈಗ ಫಲಕ ನೋಡಿ. ಅಲ್ಲಿ ಇದೇ ಅಂಕಿ ಇದ್ದರೆ ಮಗುವಿನ ಮುಖ ನೋಡಬೇಕು ನೀವು.

ನಡುವಿನ ದೊಡ್ಡ ಚಕ್ರಗಳೇ ರೈಲನ್ನು ಎಳೆಯುವವು. ಸಣ್ಣವು ಭಾರ ಹೊರುತ್ತವೆ, ಮುಂದಿನವು ತಿರುವಿನಲ್ಲಿ ದಾರಿ ತೋರಿಸುತ್ತವೆ. ದೊಡ್ಡ ಚಕ್ರದ ಒಂದು ಕಡೆ ಅರ್ಧಚಂದ್ರದ ಆಕಾರದಲ್ಲಿ ದಪ್ಪ ಕಬ್ಬಿಣ ತುಂಬಿರುವುದು ಕಾಣುತ್ತದೆ. ಚಕ್ರಕ್ಕೆ ಸಿಕ್ಕಿಸಿರುವ ಭಾರದ ರಾಡುಗಳಿಗೆ ಎದುರು ತೂಕ ಅದು. ಅದಿಲ್ಲದಿದ್ದರೆ ಇಂಜಿನ್ ಓಡುವಾಗ ಕುಣಿದು ಹಳಿಗೆ ಗುದ್ದುತ್ತಿತ್ತು.

ಇನ್ನು ನೀರಿನ ಹಿಂದೆ ಹೋಗೋಣ. ಇದು ಈ ಭೇಟಿಯ ಜೀವಾಳ, ಇಲ್ಲಿ ಅವಸರ ಬೇಡ. ಡ್ರೈವರ್ ನಿಲ್ಲುವ ಜಾಗದ ಮುಂದೆಯೇ ಬೆಂಕಿಗೂಡು ಇರುತ್ತದೆ. ಫೈರ್‌ಮನ್ ಅಲ್ಲಿಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುತ್ತಿದ್ದರು. ಅದರ ಮುಂದಿನ ಉದ್ದನೆಯ ಡ್ರಮ್ಮೇ ಬಾಯ್ಲರ್. ತುಂಬಾ ಜನ ಅದರೊಳಗೆ ಬೆಂಕಿ ಇದೆ ಅಂದುಕೊಳ್ಳುತ್ತಾರೆ. ಅಲ್ಲಿರುವುದು ನೀರು. ಆ ನೀರಿನ ಮಧ್ಯೆ ಉದ್ದಕ್ಕೂ ಕೊಳವೆಗಳು ಹಾದುಹೋಗಿರುತ್ತವೆ, ಬೆಂಕಿಯ ಬಿಸಿ ಗಾಳಿ ಆ ಕೊಳವೆಗಳೊಳಗೆ ಹರಿಯುತ್ತದೆ. ಒಂದೇ ದಪ್ಪ ಕೊಳವೆಗಿಂತ ಹತ್ತಾರು ಸಣ್ಣ ಕೊಳವೆ ಇದ್ದರೆ ಬಿಸಿ ನೀರಿಗೆ ತಾಗುವ ಜಾಗ ಜಾಸ್ತಿ. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ನಲ್ಲಿ ಇಂಜಿನ್‌ಗಳ ಸ್ಪರ್ಧೆ ನಡೆಯಿತು. ಅಲ್ಲಿ ಸ್ಟೀಫನ್‌ಸನ್‌ರ "ರಾಕೆಟ್" ಗೆದ್ದಿತು. ಅದರ ಬಾಯ್ಲರ್‌ನಲ್ಲಿ 25 ತಾಮ್ರದ ಕೊಳವೆಗಳಿದ್ದವು. ಗೆಲುವಿಗೆ ಒಂದು ಮುಖ್ಯ ಕಾರಣ ಅದೇ. ನಿಮ್ಮ ಮುಂದೆ ನಿಂತಿರುವ ಇಂಜಿನ್ ಎಷ್ಟೇ ದೊಡ್ಡದಿರಲಿ, ಹೊಟ್ಟೆಯೊಳಗೆ ಅದು ರಾಕೆಟ್‌ನ ಮರಿಮಗುವೇ.

ನೀರು ಉಗಿಯಾದರೆ ತೆರೆದ ಗಾಳಿಯಲ್ಲಿ ಸುಮಾರು 1600 ಪಟ್ಟು ಜಾಗ ಕೇಳುತ್ತದೆ. ಬಾಯ್ಲರ್ ಆ ಜಾಗ ಕೊಡುವುದಿಲ್ಲ, ಅದಕ್ಕೇ ಒತ್ತಡ ಏರುತ್ತದೆ. ಆ ಉಗಿ ಮುಂದಿನ ಚಕ್ರಗಳ ಹತ್ತಿರ ಇರುವ ಸಿಲಿಂಡರ್ ಎಂಬ ದಪ್ಪ ಕಬ್ಬಿಣದ ಕೊಳವೆಗೆ ನುಗ್ಗಿ, ಅದರೊಳಗೆ ಸರಿದಾಡುವ ಪಿಸ್ಟನ್ನನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ ರಾಡನ್ನು ತಳ್ಳುತ್ತದೆ, ರಾಡು ಚಕ್ರ ತಿರುಗಿಸುತ್ತದೆ. ದೊಡ್ಡ ಮಗುವಿಗೆ ಬೆರಳಿಂದ ಈ ದಾರಿ ತೋರಿಸಲು ಹೇಳಿ: ಬೆಂಕಿ, ಕೊಳವೆ, ನೀರು, ಉಗಿ, ಪಿಸ್ಟನ್, ರಾಡು, ಚಕ್ರ. ಚಿಕ್ಕದಕ್ಕೆ ಮೊಣಕೈ ಮಡಚಿ ರಾಡಿನ ಹಾಗೆ ಕೈ ಆಡಿಸಲು ಹೇಳಿ.

ಈಗ ಒಂದು ಒಗಟು ಕೇಳಿ. ರಾಡು ಸಿಕ್ಕಿಸಿದ ಜಾಗ ಚಕ್ರದ ನೇರ ಮುಂದೆ ಅಥವಾ ನೇರ ಹಿಂದೆ ಬಂದು ನಿಂತರೆ, ಪಿಸ್ಟನ್ ಎಷ್ಟು ತಳ್ಳಿದರೂ ಚಕ್ರ ತಿರುಗುವುದಿಲ್ಲ. ಸೈಕಲ್ ಪೆಡಲ್ ನೇರ ಮೇಲಿದ್ದಾಗ ಎಷ್ಟು ತುಳಿದರೂ ಮುಂದೆ ಹೋಗದ ಹಾಗೆ. ಹಾಗಾದರೆ ಇಂಜಿನ್ ಅಲ್ಲೇ ನಿಂತುಬಿಟ್ಟರೆ? ಉತ್ತರ ಇಂಜಿನ್‌ನ ಆ ಬದಿಯಲ್ಲಿದೆ. ಸುತ್ತಿಕೊಂಡು ಹೋಗಿ ನೋಡಲಿ. ಈ ಬದಿಯ ರಾಡು ನೇರ ಹಿಂದಿದ್ದರೆ, ಆ ಬದಿಯದ್ದು ಮೇಲೆ ಅಥವಾ ಕೆಳಗೆ ಇರುತ್ತದೆ. ಕಾಲು ಸುತ್ತಿನ ವ್ಯತ್ಯಾಸ ಇಟ್ಟೇ ಕಟ್ಟಿರುತ್ತಾರೆ. ಒಂದು ಬದಿ ಸಿಕ್ಕಿಕೊಂಡಾಗ ಇನ್ನೊಂದು ಬದಿಗೆ ಪೂರ್ತಿ ಬಲ ಇರುತ್ತದೆ. ಇದನ್ನು ತಾನೇ ಕಂಡುಹಿಡಿದ ಮಗು ಅಲ್ಲಿಂದ ಮುಂದೆ ಪ್ರತಿ ಇಂಜಿನ್‌ನ ಎರಡೂ ಬದಿ ನೋಡದೆ ಬಿಡುವುದಿಲ್ಲ. ನಾನು ಎಷ್ಟೋ ಸಲ ನೋಡಿದ್ದೇನೆ.

ಉಗಿ ಇಂಜಿನ್‌ನ "ಛುಕ್ ಛುಕ್" ಸದ್ದೂ ಇಲ್ಲಿಂದಲೇ ಬರುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯ ಕೆಳಗಿಂದ ಮೇಲಕ್ಕೆ ಊದಿಬಿಡುತ್ತಾರೆ. ಎರಡು ಸಿಲಿಂಡರಿನ ಇಂಜಿನ್ ಆದರೆ ದೊಡ್ಡ ಚಕ್ರ ಒಂದು ಸುತ್ತು ತಿರುಗುವಾಗ 4 ಸಲ ಛುಕ್. ಆ ಊದುವಿಕೆ ಹೊಗೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆಗ ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ಅಂದರೆ ಇಂಜಿನ್ ಜಾಸ್ತಿ ದುಡಿದಷ್ಟೂ ಬೆಂಕಿ ತಾನಾಗಿ ಜಾಸ್ತಿ ಉರಿಯುತ್ತದೆ. ಯಾರೂ ತಿದಿ ಒತ್ತಬೇಕಾಗಿಲ್ಲ. ಇಷ್ಟು ವರ್ಷವಾದರೂ ಈ ಮಾತು ಹೇಳುವಾಗ ನನಗೆ ಇವತ್ತಿಗೂ ಬೆರಗಾಗುತ್ತದೆ.

ಡ್ರೈವರ್ ನಿಲ್ಲುವ ಜಾಗಕ್ಕೆ ಹತ್ತಲು ಬಿಟ್ಟರೆ, ಅಲ್ಲಿ ಹತ್ತಾರು ಹಿಡಿಕೆ ನೋಡಿ ಗಾಬರಿಯಾಗಬೇಡಿ. ಒಂದೇ ಒಂದನ್ನು ಹುಡುಕಿ: ನೆಟ್ಟಗೆ ನಿಂತಿರುವ ಸಣ್ಣ ಗಾಜಿನ ಕೊಳವೆ. ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಅಂತ ಅದು ತೋರಿಸುತ್ತಿತ್ತು. ನೀರು ತೀರಾ ಕೆಳಗೆ ಹೋದರೆ ಬೆಂಕಿಗೂಡಿನ ಚಾವಣಿ ಕೆಂಪಗೆ ಕಾದು ಒಡೆಯಬಹುದು. ಬಾಯ್ಲರ್ ಸಿಡಿದರೆ ಅಲ್ಲಿ ನಿಂತವರು ಉಳಿಯುವುದೇ ಕಷ್ಟವಿತ್ತು. ಅದಕ್ಕೇ ಎಷ್ಟೋ ಇಂಜಿನ್‌ಗಳಲ್ಲಿ ಆ ಚಾವಣಿಗೆ ಸೀಸದ ಬೆಣೆ ಕೂರಿಸುತ್ತಿದ್ದರು. ನೀರು ಕಡಿಮೆಯಾದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತಿತ್ತು. ಅಲ್ಲಿ ನಿಂತು ಕಿಟಕಿಯಿಂದ ಮುಂದೆ ನೋಡಿ. ಬಾಯ್ಲರ್ ಅಡ್ಡ ಇರುವುದರಿಂದ ಹಳಿಯ ಒಂದು ಬದಿ ಮಾತ್ರ ಕಾಣುತ್ತದೆ. ರಾತ್ರಿ, ಮಳೆ, ಹೊಗೆಯಲ್ಲಿ ನೂರಾರು ಜನರನ್ನು ಹಿಂದೆ ಕೂರಿಸಿಕೊಂಡು ಇಷ್ಟೇ ಕಿಟಕಿಯಿಂದ ನೋಡುತ್ತಾ ಹೋಗುತ್ತಿದ್ದರು.

ಕೆಳಗಿಳಿದ ಮೇಲೆ ಹಳಿ ಮತ್ತು ಚಕ್ರ ಸೇರುವ ಜಾಗಕ್ಕೆ ಬಗ್ಗಿ ನೋಡಿ. ಚಕ್ರದ ಒಳಬದಿಯಲ್ಲಿ ಎದ್ದ ಅಂಚು ಇದೆಯಲ್ಲ, ಅದೇ ರೈಲನ್ನು ಹಳಿ ಮೇಲೆ ಹಿಡಿದಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನೇರ ದಾರಿಯಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮಾಡುವುದು ಚಕ್ರದ ಇಳಿಜಾರು. ಹಳಿಗೆ ತಾಗುವ ಭಾಗ ಸಮತಟ್ಟಾಗಿರುವುದಿಲ್ಲ, ಒಳಗಡೆ ಸ್ವಲ್ಪ ದಪ್ಪ, ಹೊರಗಡೆ ಸ್ವಲ್ಪ ಸಪೂರ. ಚಕ್ರದ ಜೋಡಿ ಬಲಕ್ಕೆ ಸರಿದರೆ ಬಲ ಚಕ್ರ ತನ್ನ ದಪ್ಪ ಭಾಗದ ಮೇಲೆ ಉರುಳುತ್ತದೆ, ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಜೋಡಿ ತಾನಾಗಿ ಎಡಕ್ಕೆ ತಿರುಗುತ್ತದೆ. ಮಾತಲ್ಲಿ ಕೇಳಿದರೆ ತಲೆಗೆ ಹೋಗುವುದಿಲ್ಲ, ಮನೆಯಲ್ಲೇ ಮಾಡಿ ತೋರಿಸಿ. ಎರಡು ಪೇಪರ್ ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಟೇಪ್ ಸುತ್ತಿ. ಎರಡು ಉದ್ದ ಕೋಲುಗಳನ್ನು ಹಳಿಯ ಹಾಗೆ ಸ್ವಲ್ಪ ಇಳಿಜಾರಾಗಿ ಇಟ್ಟು ಉರುಳಿಸಿ. ಸ್ವಲ್ಪ ಸೊಟ್ಟಗೆ ಬಿಟ್ಟರೂ ಅದು ಅತ್ತಿತ್ತ ಓಲಾಡುತ್ತಾ ನಡುವಿಗೇ ಬರುತ್ತದೆ. ಆಮೇಲೆ ಇನ್ನೆರಡು ಲೋಟಗಳನ್ನು ತಳಕ್ಕೆ ತಳ ಸೇರಿಸಿ ಉರುಳಿಸಿ. ಕೂಡಲೇ ಕೆಳಗೆ ಬೀಳುತ್ತದೆ. ಹೋಗುವ ಹಿಂದಿನ ದಿನವೇ ಈ ಆಟ ಆಡಿಸಿದರೆ ಮಕ್ಕಳು ಮ್ಯೂಸಿಯಂಗೆ ಬಂದ ಕೂಡಲೇ ಚಕ್ರದ ಹತ್ತಿರ ಓಡುತ್ತಾರೆ.

ಅಳತೆ ಟೇಪ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಅಲ್ಲಿರುವವರನ್ನು ಕೇಳಿ, ಎರಡು ಹಳಿಗಳ ಒಳಬದಿಯಿಂದ ಒಳಬದಿಗೆ ಅಳೆಯಲು ದೊಡ್ಡ ಮಗುವಿಗೆ ಹೇಳಿ. 1435 ಮಿ.ಮೀ. ಬಂದರೆ ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಅಳತೆ ಅದು. 1676 ಬಂದರೆ ಬ್ರಾಡ್ ಗೇಜ್, 1000 ಬಂದರೆ ಮೀಟರ್ ಗೇಜ್, 762 ಅಥವಾ 610 ಬಂದರೆ ಬೆಟ್ಟ, ಗಣಿ, ತೋಟಗಳ ಪುಟ್ಟ ರೈಲು. ಬ್ರೂನೆಲ್ ಎಂಬ ಇಂಜಿನಿಯರ್ ಇಂಗ್ಲೆಂಡಿನಲ್ಲಿ 2 ಮೀಟರಿಗೂ ಹೆಚ್ಚು ಅಗಲದ ಹಳಿ ಹಾಕಿಸಿದ್ದರು. ಓಟ ಚೆನ್ನಾಗಿತ್ತು, ಆದರೆ ಬೇರೆ ಅಳತೆಯ ಹಳಿ ಸಿಕ್ಕಿದ ಕಡೆಯಲ್ಲೆಲ್ಲ ಸಾಮಾನು ಇಳಿಸಿ ಹತ್ತಿಸಬೇಕಿತ್ತು. ಕೊನೆಗೆ 1892ರ ಮೇ ತಿಂಗಳಲ್ಲಿ ಸಾವಿರಾರು ಕೆಲಸಗಾರರು ಒಂದೇ ವಾರಾಂತ್ಯದಲ್ಲಿ ಉಳಿದ ಅಗಲ ಹಳಿಗಳನ್ನು ಒಳಕ್ಕೆ ಸರಿಸಿದರು.

ಇಷ್ಟಾದ ಮೇಲೆ ಮಕ್ಕಳಿಗೆ ಒಂದು ಬಿಡುವು ಕೊಡಿ. 4 ವರ್ಷದ ಮಗುವಿಗೆ ಒಂದೂವರೆ ಗಂಟೆ ಸಾಕು. ಇಂಜಿನ್‌ಗೆ ಬೆಂಕಿ ಹಾಕಿದ ದಿನವಾದರೆ ಸೀಟಿ ಊದುವ ಮೊದಲೇ ಮಗುವಿಗೆ ಹೇಳಿ, ಕಿವಿ ಮುಚ್ಚಿಕೊಳ್ಳುವುದನ್ನು ಕಲಿಸಿ. ಒಮ್ಮೆ ನಾನು ಮುಂಚೆ ಹೇಳದೆ ಸೀಟಿ ಊದಿಸಿಬಿಟ್ಟೆ. ಪುಟ್ಟ ಹುಡುಗಿಯೊಬ್ಬಳು ಹೆದರಿ ಅಮ್ಮನನ್ನು ಅಪ್ಪಿಕೊಂಡವಳು ಮತ್ತೆ ಇಂಜಿನ್ ಹತ್ತಿರ ಬರಲೇ ಇಲ್ಲ. ಆ ಮುಖ ನನಗೆ ಇನ್ನೂ ನೆನಪಿದೆ. ಕಾಲಿಗೆ ಮುಚ್ಚಿದ ಬೂಟು ಇರಲಿ. ಗ್ರೀಸ್ ತಾಗಿದರೂ ಬೇಸರವಿಲ್ಲದ ಬಟ್ಟೆ ಹಾಕಿ. ಷೆಡ್ಡಿನೊಳಗೆ ಹಳಿಗಳ ನಡುವೆ ಇಂಜಿನ್ ಅಡಿ ನೋಡುವ ಗುಂಡಿ ಇರುತ್ತದೆ, ಅಲ್ಲಿ ಚಿಕ್ಕ ಮಗುವಿನ ಕೈ ಬಿಡಬೇಡಿ.

ಇನ್ನು ಸಣ್ಣ ವಸ್ತುಗಳ ಕೋಣೆ. ಜನ ಸುಮ್ನೆ ಹಾದುಹೋಗುವ ಜಾಗ ಇದು, ನನಗೆ ಮಾತ್ರ ಇಂಜಿನ್‌ಗಿಂತ ಇದೇ ಹೆಚ್ಚು ಇಷ್ಟ. ಇಂಜಿನ್ ನೋಡಿ ರೈಲು ಹೇಗೆ ಓಡುತ್ತಿತ್ತು ಅಂತ ತಿಳಿದುಕೊಂಡಿರಿ. ಇಷ್ಟೊಂದು ರೈಲುಗಳು ಒಂದಕ್ಕೊಂದು ಗುದ್ದದೆ ಹೇಗೆ ಓಡಿದವು ಅನ್ನುವುದು ಈ ಕೋಣೆಯಲ್ಲಿದೆ.

ಗಾಜಿನ ಪೆಟ್ಟಿಗೆಯಲ್ಲಿ ಲೋಹದ ಬಿಲ್ಲೆಯೋ, ಕೋಲೋ, ಚೆಂಡೋ ಇರಬಹುದು. ಪಕ್ಕದಲ್ಲಿ ದೊಡ್ಡ ಬಳೆಯಂಥ ಹಿಡಿಕೆ. ಅದೇ ಟೋಕನ್. ಒಂದೇ ಹಳಿ ಇರುವ ಕಡೆ ಎರಡು ಸ್ಟೇಷನ್ ನಡುವೆ ಹೋಗಬೇಕಾದರೆ ಡ್ರೈವರ್ ಕೈಯಲ್ಲಿ ಅದು ಇರಲೇಬೇಕಿತ್ತು. ಒಂದು ಸಲಕ್ಕೆ ಸ್ಟೇಷನ್‌ನ ಯಂತ್ರದಿಂದ ಒಂದೇ ಟೋಕನ್ ಹೊರಗೆ ಬರುತ್ತಿತ್ತು, ಹಾಗಾಗಿ ಎದುರಿನಿಂದ ಇನ್ನೊಂದು ರೈಲು ಬರುವ ಹಾಗಿರಲಿಲ್ಲ. ಇದರ ಹಿಂದೆ ದೊಡ್ಡ ನೋವು ಇದೆ. 1874ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ವಿಚ್ ಹತ್ತಿರದ ಥಾರ್ಪ್‌ನಲ್ಲಿ, ಟೆಲಿಗ್ರಾಫ್ ಸಂದೇಶದ ಗೊಂದಲದಿಂದ ಎರಡು ರೈಲುಗಳು ಒಂದೇ ಹಳಿಯಲ್ಲಿ ಎದುರುಬದುರಾದವು. 25 ಜನ ಸತ್ತರು. ಅದಾದ ಮೇಲೆ ಎಡ್ವರ್ಡ್ ಟೈಯರ್ ಎಂಬುವವರು ಎರಡು ಸ್ಟೇಷನ್‌ಗಳ ಯಂತ್ರಗಳನ್ನು ವಿದ್ಯುತ್ ತಂತಿಯಿಂದ ಜೋಡಿಸಿದರು. ಒಂದು ಕಡೆ ಬಿಲ್ಲೆ ಹೊರಗೆ ತೆಗೆದರೆ, ಅದು ಮತ್ತೆ ಒಳಗೆ ಹೋಗುವ ತನಕ ಎರಡೂ ಕಡೆ ಬೇರೆ ಬಿಲ್ಲೆ ಬರುವುದಿಲ್ಲ. ಮಕ್ಕಳಿಗೆ ಇದನ್ನು ಆಟವಾಗಿ ಹೇಳಿಕೊಡಬಹುದು. ಮನೆಯ ಓಣಿಯೇ ಹಳಿ, ಒಂದು ಚಮಚವೇ ಟೋಕನ್. ಚಮಚ ಕೈಯಲ್ಲಿ ಇದ್ದವರು ಮಾತ್ರ ಓಡಬೇಕು.

ಸಿಗ್ನಲ್ ಎಳೆಯುವ ಉದ್ದ ಹಿಡಿಕೆಗಳ, ಅಂದರೆ ಲಿವರ್‌ಗಳ ಸಾಲು ಇದ್ದು, ಅದನ್ನು ಮುಟ್ಟಲು ಬಿಡುತ್ತಾರಾದರೆ ನಿಮ್ಮ 9 ವರ್ಷದ ಮಗುವನ್ನು ಅಲ್ಲಿಂದ ಕದಲಿಸುವುದು ಕಷ್ಟ. ಒಂದು ಲಿವರ್ ಎಳೆಯಲು ಹೋದರೆ ಅಲುಗಾಡುವುದಿಲ್ಲ. ಮೊದಲು ಇನ್ನೊಂದನ್ನು ಎಳೆಯಬೇಕು. ಕೆಳಗೆ ಕಬ್ಬಿಣದ ಪಟ್ಟಿಗಳು ಒಂದಕ್ಕೊಂದು ಅಡ್ಡ ಬೀಳುವ ಹಾಗೆ ಜೋಡಿಸಿರುತ್ತಾರೆ. ಹಳಿ ಸರಿಯಾದ ದಾರಿಗೆ ತಿರುಗದೆ "ಹೋಗಬಹುದು" ಎಂಬ ಸಿಗ್ನಲ್ ಕೊಡಲು ಆಗುವುದೇ ಇಲ್ಲ. ಜಾನ್ ಸ್ಯಾಕ್ಸ್‌ಬಿ ಇಂಥದ್ದಕ್ಕೆ ಪೇಟೆಂಟ್ ಪಡೆದದ್ದು 1856ರಲ್ಲಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಬ್ಬಿಣವೇ ಯೋಚಿಸುತ್ತಿತ್ತು ಅನ್ನಿ. ಬ್ರಿಟಿಷ್ ಪದ್ಧತಿಯ ಲಿವರ್ ಆದರೆ ಕೆಂಪು ಬಣ್ಣದ್ದು ನಿಲ್ಲಿಸುವ ಸಿಗ್ನಲ್‌ಗೆ, ಕಪ್ಪು ಬಣ್ಣದ್ದು ಹಳಿ ತಿರುಗಿಸಲು, ನೀಲಿ ತಿರುಗಿಸಿದ ಹಳಿ ಅಲುಗದ ಹಾಗೆ ಹಾಕುವ ಬೀಗಕ್ಕೆ, ಬಿಳಿ ಯಾವ ಕೆಲಸಕ್ಕೂ ಇಲ್ಲದೆ ಖಾಲಿ ಇರುವಂಥದ್ದು.

ಕೈದೀಪಗಳ ಗಾಜಿನ ಬಣ್ಣವನ್ನೂ ನೋಡಿ. ಮೊದಮೊದಲು ಬಿಳಿ ಬೆಳಕು ಅಂದರೆ "ಹೋಗು", ಹಸಿರು ಅಂದರೆ "ಎಚ್ಚರ". ಆದರೆ ಕೆಂಪು ಗಾಜು ಒಡೆದುಹೋದರೆ ನಿಲ್ಲಿಸಬೇಕಾದ ದೀಪವೇ ಬಿಳಿಯಾಗಿ ಕಾಣುತ್ತಿತ್ತು! ಊರಿನ ಬೇರೆ ದೀಪಗಳ ನಡುವೆಯೂ ಗೊಂದಲವಾಗುತ್ತಿತ್ತು. ಹೀಗಾಗಿ ಬಿಳಿ ಹೋಯಿತು, ಹಸಿರು "ಹೋಗು" ಆಯಿತು. ಇವತ್ತು ರಸ್ತೆಯಲ್ಲಿ ನೀವು ನೋಡುವ ಸಿಗ್ನಲ್‌ನ ಕೆಂಪು, ಹಸಿರು ರೈಲಿನಿಂದಲೇ ಬಂದವು.

ಹಳೆಯ ದಪ್ಪ ರಟ್ಟಿನ ಟಿಕೆಟ್ ಸಿಕ್ಕರೆ ಅದನ್ನೂ ಬಿಡಬೇಡಿ. ಥಾಮಸ್ ಎಡ್ಮಂಡ್‌ಸನ್ ಎಂಬುವವರು ಪೀಠೋಪಕರಣ ಮಾಡುತ್ತಿದ್ದವರು, ಆಮೇಲೆ ಸಣ್ಣ ಸ್ಟೇಷನ್ ಒಂದರ ಮಾಸ್ಟರ್ ಆದರು. ಅಲ್ಲಿಯ ತನಕ ಪ್ರತಿ ಟಿಕೆಟ್ಟನ್ನೂ ಕೈಯಲ್ಲಿ ಬರೆಯುತ್ತಿದ್ದರು. ಇವರು 1830ರ ದಶಕದಲ್ಲಿ ಮೊದಲೇ ನಂಬರು ಹಾಕಿದ ರಟ್ಟಿನ ಟಿಕೆಟ್ ತಂದರು, ತಾರೀಖು ಒತ್ತುವ ಯಂತ್ರವನ್ನೂ ಮಾಡಿದರು. ನಂಬರು ಇದ್ದದ್ದರಿಂದ ಎಷ್ಟು ಟಿಕೆಟ್ ಮಾರಾಟವಾಯಿತು ಅಂತ ಸಂಜೆ ಲೆಕ್ಕ ಸಿಕ್ಕಿಬಿಡುತ್ತಿತ್ತು. ಆ ಅಳತೆಯ ಟಿಕೆಟ್ ನೂರೈವತ್ತು ವರ್ಷ ಪ್ರಪಂಚವನ್ನೆಲ್ಲ ಸುತ್ತಿತು. ಗೋಡೆ ಗಡಿಯಾರದ ಮುಂದೆ ದೊಡ್ಡ ಮಗುವಿಗೆ ಇದನ್ನೂ ಹೇಳಿ: ರೈಲು ಬರುವ ಮೊದಲು ಪ್ರತಿ ಊರಿಗೂ ಅದರದ್ದೇ ಮಧ್ಯಾಹ್ನ ಇತ್ತು. ಅಮೆರಿಕ, ಕೆನಡಾದ ರೈಲ್ವೆಗಳು 1883ರ ನವೆಂಬರ್ 18ರಂದು ಗಡಿಯಾರಗಳನ್ನೆಲ್ಲ ಕೆಲವೇ ವಲಯಗಳ ಸಮಯಕ್ಕೆ ತಿರುಗಿಸಿದವು. ಕೆಲವು ಊರುಗಳಲ್ಲಿ ಅವತ್ತು ಎರಡು ಸಲ ಮಧ್ಯಾಹ್ನ 12 ಹೊಡೆಯಿತು.

ನಿಮ್ಮ ಮಾವನವರ ವಿಷಯ. ದಯವಿಟ್ಟು ಅವರನ್ನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿ ನೀವು ಒಳಗೆ ಹೋಗಬೇಡಿ. ಹಳೆಯ ಬೋಗಿಗಳಿಗೆ ಮೆಟ್ಟಿಲು ಎತ್ತರ, ಮಂಡಿಗೆ ಕಷ್ಟ. ಪ್ಲಾಟ್‌ಫಾರ್ಮ್ ಮಟ್ಟದಲ್ಲಿ ಹತ್ತುವ ಬೋಗಿ ಯಾವುದು ಅಂತ ಫೋನಿನಲ್ಲೇ ಕೇಳಿರಿ. ಬೋಗಿಯೊಳಗೆ ಕೂರಿಸಿ, ಮಕ್ಕಳನ್ನು ಎದುರಿನ ಸೀಟಿನಲ್ಲಿ ಕೂರಿಸಿ. "ನೀವು ಮೊದಲ ಸಲ ರೈಲು ಹತ್ತಿದ್ದು ಯಾವಾಗ?" ಅಂತ ಸುಮ್ನೆ ಕೇಳಿದರೆ ಎಷ್ಟೋ ಹಿರಿಯರು "ನೆನಪಿಲ್ಲ" ಅಂದುಬಿಡುತ್ತಾರೆ. ಕಿಟಕಿಯ ಸರಳು ತೋರಿಸಿ, ಮರದ ಬೆಂಚು ಮುಟ್ಟಿಸಿ, ಆಮೇಲೆ ಕೇಳಿ: ಕಣ್ಣಿಗೆ ಕಲ್ಲಿದ್ದಲ ಕಿಡಿ ಬಿದ್ದಿತ್ತಾ? ಬಟ್ಟೆ ಕಪ್ಪಾಗುತ್ತಿತ್ತಾ? ಯಾರು ಸ್ಟೇಷನ್‌ಗೆ ಬಿಡಲು ಬರುತ್ತಿದ್ದರು? ಆಗ ಮಾತು ತಾನಾಗಿ ಹೊರಡುತ್ತದೆ. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ, ಅವರನ್ನು ಕೇಳಿಯೇ ಮಾಡಿ.

ನಿಮ್ಮ ಮನೆಯಲ್ಲಿ ರೈಲು, ಸ್ಟೇಷನ್, ಹಳಿ ಇರುವ ಹಳೆಯ ಫೋಟೊ ಏನಾದರೂ ಇದೆಯಾ ಅಂತಲೂ ಹುಡುಕಿ, ಇದ್ದರೆ ಜೊತೆಗೆ ತನ್ನಿ. ಸಣ್ಣ ಮ್ಯೂಸಿಯಂಗಳಿಗೆ ಇಂಜಿನ್ ಬಗ್ಗೆ ಕಾಗದ ಸಿಗುತ್ತದೆ, ಆದರೆ ಆ ದಾರಿಯಲ್ಲಿ ಓಡಾಡಿದವರ ಮುಖ, ಮಾತು ಸಿಗುವುದಿಲ್ಲ. ಫೋಟೊದಲ್ಲಿ ಇಂಜಿನ್ ನಂಬರು ಒಂದು ಮೂಲೆಯಲ್ಲಿ ಕಂಡರೂ ಸಾಕು. ಅಲ್ಲಿರುವ ಯಾರಾದರೂ ಕನ್ನಡಕ ಏರಿಸಿ ನೋಡಿ, ಅದು ಯಾವ ಇಂಜಿನ್, ಯಾವ ಷೆಡ್ಡಿನದು ಅಂತ ಹೇಳಲು ಪ್ರಯತ್ನ ಮಾಡೇ ಮಾಡುತ್ತಾರೆ. ಆ ಹೊತ್ತಿಗೆ ಮೊಮ್ಮಕ್ಕಳು ಪಕ್ಕದಲ್ಲೇ ಇರಲಿ, ಮತ್ತೆ ಚಕ್ರ ಎಣಿಸಲು ಓಡಿಹೋಗಿದ್ದರೆ ಕರೆಯಿರಿ.